ಕೈಗಾದಿಂದ ಗರುಡಾಚಾರ್‌ಪಾಳ್ಯದವರೆಗೆ: ಕರ್ನಾಟಕದಲ್ಲಿ ಅಣುವಿದ್ಯುತ್ ಮತ್ತು ನವೀಕರಿಸಬಹುದಾದ ಇಂಧನಗಳ ವಾಗ್ವಾದ

ಕರ್ನಾಟಕದ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಉತ್ಪಾದನೆಯ ತಾಣಗಳಿಂದಲೇ ಆರಂಭಿಸುತ್ತಾರೆ. ಶಿವನಸಮುದ್ರ, ಜೋಗ, ಶರಾವತಿ, ಕಾಳಿ, ರಾಯಚೂರು, ಕೈಗಾ ಎಂಬ ಹೆಸರುಗಳೇ ಆ ಚರಿತ್ರೆಯ ಅಧ್ಯಾಯಗಳಾಗುತ್ತವೆ. ವಿದ್ಯುತ್ತನ್ನು ಬಳಸುವ ಊರುಗಳು ಅಂಕಿಅಂಶಗಳ ಕೋಷ್ಟಕದೊಳಗೆ ಅಡಗಿಬಿಡುತ್ತವೆ. ಅಣುವಿದ್ಯುತ್ತು ಮೇಲೋ, ನೀರು ಗಾಳಿ ಬಿಸಿಲುಗಳಿಂದ ಬರುವ ವಿದ್ಯುತ್ತು ಮೇಲೋ ಎಂದು ಸುಮಾರು ನಾಲ್ಕು ದಶಕಗಳಿಂದ ಈ ನಾಡಿನಲ್ಲಿ ನಡೆದುಬಂದಿರುವ ವಾಗ್ವಾದಕ್ಕೂ ಈ ಮಾತು ಸಲ್ಲುತ್ತದೆ. ಕೈಗಾ ಸ್ಥಾವರದ ಪರವಾಗಿಯೂ ವಿರುದ್ಧವಾಗಿಯೂ ಬಂದಿರುವ ಬರಹ ಹೇರಳವಾಗಿದೆ. ಆ ವಿದ್ಯುತ್ತು ಯಾವ ಊರಿಗೆ, ಯಾವ ಹೊತ್ತಿನ ಯಾವ ಕೆಲಸಕ್ಕೆ ಎಂದು ಕೇಳಿದ ಬರಹ ವಿರಳ. ಪ್ರಸ್ತುತ ಲೇಖನದಲ್ಲಿ ಆ ವಾಗ್ವಾದದ ಮುಖ್ಯ ಘಟ್ಟಗಳನ್ನು ಬಳಕೆಯ ತುದಿಯಲ್ಲಿ ನಿಂತು ಪರಿಶೀಲಿಸಲಾಗಿದೆ. ಆ ತುದಿಗೆ ನಿದರ್ಶನವಾಗಿ ಬೆಂಗಳೂರಿನ ಪೂರ್ವಭಾಗದ ಗರುಡಾಚಾರ್‌ಪಾಳ್ಯವನ್ನು ಆಯ್ದುಕೊಂಡಿದೆ.

ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಹೋಗುವ ಮಾರ್ಗದಲ್ಲಿ, ಮಹದೇವಪುರಕ್ಕೂ ಹೂಡಿಗೂ ನಡುವೆ ಈ ಪಾಳ್ಯವಿದೆ. ಬೇಸಾಯದ ಹಳ್ಳಿಗಳ ನಡುವೆ ಮೊದಲು ಕಾರ್ಖಾನೆಗಳ ಶೆಡ್ಡುಗಳು, ಅನಂತರ ತಂತ್ರಾಂಶ ಸಂಸ್ಥೆಗಳ ಕಟ್ಟಡಗಳು, ಅವುಗಳ ಬೆನ್ನಿಗೇ ಬಹುಮಹಡಿ ವಸತಿ ಸಮುಚ್ಚಯಗಳು ಬಂದದ್ದು ಈ ಸೀಮೆಯ ಐವತ್ತು ವರ್ಷಗಳ ಕತೆ. 2007ರಲ್ಲಿ ಮಹದೇವಪುರ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಂದಿಗೆ ವಿಲೀನಗೊಂಡ ಬಳಿಕ ಗರುಡಾಚಾರ್‌ಪಾಳ್ಯದ ಹೆಸರಿನಲ್ಲಿ ಒಂದು ವಾರ್ಡು ರೂಪುಗೊಂಡಿತು. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರ–ವೈಟ್‌ಫೀಲ್ಡ್ ಮೆಟ್ರೊ ಮಾರ್ಗ ತೆರೆದಾಗ ಅದೇ ಹೆಸರಿನ ನಿಲ್ದಾಣವೂ ಬಂತು. 2025ರಲ್ಲಿ ಮಹಾನಗರ ಪಾಲಿಕೆಯೇ ಐದಾಗಿ ಒಡೆದು ಈ ಭಾಗವು ಪೂರ್ವ ನಗರ ಪಾಲಿಕೆಗೆ ಸೇರಿತು. ಆಡಳಿತದ ಗಡಿಗಳು ಇಷ್ಟು ಸಲ ಬದಲಾದರೂ ಒಂದು ಸಂಗತಿ ಬದಲಾಗಿಲ್ಲ: ಇಲ್ಲಿ ಬಳಕೆ ಮಾತ್ರ ಇದೆ, ಹೇಳಿಕೊಳ್ಳುವಂಥ ಉತ್ಪಾದನೆ ಇಲ್ಲ. ಹೂಡಿಯ 400 ಕಿಲೋವೋಲ್ಟ್ ವಿದ್ಯುತ್ ಕೇಂದ್ರಕ್ಕೆ ನೆಲಮಂಗಲದ ಕಡೆಯಿಂದ ಬರುವ ತಂತಿಗಳಲ್ಲಿ ಕಾಳಿಯ ನೀರು, ಕೈಗಾದ ಯುರೇನಿಯಂ, ರಾಯಚೂರಿನ ಕಲ್ಲಿದ್ದಲು, ಚಿತ್ರದುರ್ಗದ ಗಾಳಿ, ಪಾವಗಡದ ಬಿಸಿಲು ಎಲ್ಲವೂ ಬೆರೆತಿರುತ್ತವೆ. ದೀಪದ ಗುಂಡಿಯನ್ನು ಒತ್ತುವವನಿಗೆ ಇವುಗಳಲ್ಲಿ ಯಾವುದು ಯಾವುದೆಂದು ತಿಳಿಯುವ ಉಪಾಯವಿಲ್ಲ. ತಿಳಿಯಬೇಕಾದ ಅಗತ್ಯವೂ ಅವನಿಗೆ ಇದುವರೆಗೆ ಒದಗಿಲ್ಲ.

ಜಲಶಕ್ತಿಯ ಹಿರಿತನ

ನವೀಕರಿಸಬಹುದಾದ ಇಂಧನವು ಹೊಸದಾಗಿ ಬಂದ ಪರ್ಯಾಯವೆಂಬ ಭಾವನೆ ಈಚಿನ ಬರಹಗಳಲ್ಲಿ ವ್ಯಾಪಕವಾಗಿದೆ. ಕರ್ನಾಟಕದ ಮಟ್ಟಿಗೆ ಇದು ಸರಿಯಲ್ಲ. ಇಲ್ಲಿ ಮೊದಲು ಬಂದದ್ದೇ ಅದು. 1902ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಂಕಲ್ಪ ಮತ್ತು ಎ. ಜೆ. ದ ಲಾಟ್‌ಬಿನಿಯೆರ್ ಅವರ ಯೋಜನೆಯಂತೆ ಶಿವನಸಮುದ್ರದ ಕಾವೇರಿಯಿಂದ ವಿದ್ಯುತ್ತು ಹರಿದಾಗ ಅದು ತಲುಪಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷಗಳ ಅನಂತರ, 1905ರಲ್ಲಿ. ಹೊಳೆಯೊಂದು ಕಡೆ, ಬಳಕೆ ಇನ್ನೊಂದು ಕಡೆ, ನಡುವೆ ತಂತಿ ಎಂಬ ವ್ಯವಸ್ಥೆ ಅಂದೇ ನೆಲೆಗೊಂಡಿತು. (ಕೈಗಾ ವಿರೋಧದ ನಾಯಕತ್ವ ವಹಿಸಲಿದ್ದ ಶಿವರಾಮ ಕಾರಂತರು ಹುಟ್ಟಿದ್ದೂ ಅದೇ 1902ರ ಅಕ್ಟೋಬರಿನಲ್ಲಿ.)

ಅಲ್ಲಿಂದ ಮುಂದೆ ಎಂಟು ದಶಕಗಳ ಕಾಲ ಈ ರಾಜ್ಯದ ಸ್ವಂತ ವಿದ್ಯುತ್ತು ಬಹುತೇಕ ಸಂಪೂರ್ಣವಾಗಿ ನೀರಿನಿಂದಲೇ ಬಂತು. ಶರಾವತಿಯ ಹತ್ತು ಯಂತ್ರಗಳ 1,035 ಮೆಗಾವಾಟ್ ಸಾಮರ್ಥ್ಯ ಆ ಯುಗದ ಶಿಖರ. ವಿದ್ಯುತ್ತು ಅಗ್ಗವಾಗಿತ್ತು, ಅಗ್ಗದ ವಿದ್ಯುತ್ತನ್ನು ತೋರಿಸಿ ಕೈಗಾರಿಕೆಗಳನ್ನು ಕರೆಯುವುದು ಸರ್ಕಾರದ ನೀತಿಯೂ ಆಗಿತ್ತು. ಆದರೆ ಮುಂಗಾರು ಕೈಕೊಟ್ಟ ವರ್ಷ ಜಲಾಶಯ ಬರಿದಾಗಿ, ಕಾರ್ಖಾನೆಗಳಿಗೆ ಕಡಿತ ಹೇರುವುದು ವಾಡಿಕೆಯಾಯಿತು. ರಾಯಚೂರಿನ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಗುವವರೆಗೆ ಮಳೆಯ ಹಂಗಿಲ್ಲದ ದೊಡ್ಡ ಆಸರೆಯೊಂದು ರಾಜ್ಯಕ್ಕೆ ಇರಲಿಲ್ಲ. ಕೈಗಾದ ಪ್ರಸ್ತಾಪಕ್ಕೆ ಬಲ ಬಂದದ್ದು ಈ ಅನುಭವದಿಂದಲೇ. ಕಲ್ಲಿದ್ದಲ ಗಣಿಗಳು ದೂರ, ಮಳೆ ಅನಿಶ್ಚಿತ, ಆದುದರಿಂದ ಅಣುಶಕ್ತಿ ಎಂಬುದು ಅದರ ಪರವಾದ ವಾದದ ಸರಳರೂಪ. ಆ ವಾದವನ್ನು ಕೇವಲ ಪ್ರಚಾರವೆಂದು ತಳ್ಳಿಹಾಕುವುದು ಅಂದಿನ ಕತ್ತಲೆಯನ್ನು ಮರೆತಂತೆ.

ಒಂದೇ ಊರಿನ ಇಬ್ಬರು

ಕೈಗಾ ವಾಗ್ವಾದವನ್ನು ಬೆಂಗಳೂರಿನ ವಿಜ್ಞಾನಿಗಳಿಗೂ ಉತ್ತರ ಕನ್ನಡದ ಜನರಿಗೂ ನಡೆದ ಸಂಘರ್ಷವೆಂದು ಚಿತ್ರಿಸುವುದುಂಟು. ವಾಸ್ತವದಲ್ಲಿ ಬೆಂಗಳೂರು ಎರಡೂ ಕಡೆ ಇತ್ತು. 1987ರಿಂದ 1990ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದು, 1987ರಲ್ಲಿ ಸ್ಥಾಪನೆಯಾದ ಭಾರತೀಯ ಪರಮಾಣು ವಿದ್ಯುತ್ ನಿಗಮದ ಮೊದಲ ಅಧ್ಯಕ್ಷರೂ ಆದ ಎಂ. ಆರ್. ಶ್ರೀನಿವಾಸನ್ ಅವರು 1930ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು; ಇಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನ ಪದವೀಧರರು. ಅಣುವಿದ್ಯುತ್ತಿನ ಲೆಕ್ಕವನ್ನು ಅತ್ಯಂತ ಕಟುವಾಗಿ ಪ್ರಶ್ನಿಸಿದ ಅಮೂಲ್ಯಕುಮಾರ್ ಎನ್. ರೆಡ್ಡಿ ಅವರೂ ಅದೇ ವರ್ಷ ಅದೇ ಊರಿನಲ್ಲಿ ಜನಿಸಿದವರು. ಅಲ್ಲಿಗೆ ಸಮೀಪದ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಶ್ರೀನಿವಾಸನ್ ಅವರು ಭಾರಜಲ ರಿಯಾಕ್ಟರುಗಳ ಎಂಜಿನಿಯರು. ರೆಡ್ಡಿಯವರು ವಿದ್ಯುದ್ರಸಾಯನ ಶಾಸ್ತ್ರಜ್ಞರಾಗಿದ್ದು, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವನ್ನು ಕಟ್ಟಿದವರು. ಇಬ್ಬರೂ ನಾಡಿನ ಬಡತನವನ್ನು ಕಂಡವರೇ. ಒಬ್ಬರಿಗೆ ವಿದ್ಯುತ್ತಿನ ಕೊರತೆಯೇ ಬಡತನದ ಮೂಲವಾಗಿ ತೋರಿತು; ಇನ್ನೊಬ್ಬರಿಗೆ ವಿದ್ಯುತ್ತು ಯಾರ ಮನೆಗೆ ಹೋಗುತ್ತದೆಂಬುದು ಮುಖ್ಯವಾಗಿ ತೋರಿತು.

ಕೈಗಾದ ಮೊದಲ ಎರಡು ಘಟಕಗಳಿಗೆ ಹಣಕಾಸಿನ ಮಂಜೂರಾತಿ ದೊರೆತದ್ದು 1987ರಲ್ಲಿ. ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ದುರಂತ ನಡೆದು ಒಂದು ವರ್ಷವಷ್ಟೇ ಕಳೆದಿತ್ತು. ಕಾಳಿ ಕಣಿವೆಯ ಕಾಡು, ಸ್ಥಳದ ಭೂರಚನೆ, ವಿಕಿರಣದ ಭೀತಿ ಈ ಮೂರನ್ನೂ ಮುಂದಿಟ್ಟು ಕರಾವಳಿ ಮತ್ತು ಮಲೆನಾಡುಗಳಲ್ಲಿ ವಿರೋಧ ಬೆಳೆಯಿತು. ಕಾರಂತರು ತಮ್ಮ 87ನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಸ್ಪರ್ಧಿಸಿದರು, ಸೋತರು. ಗೆಲ್ಲುವ ಸಲುವಾಗಿ ನಿಂತ ಚುನಾವಣೆ ಅದಾಗಿರಲಿಲ್ಲ. ಕನ್ನಡ ಪತ್ರಿಕೆಗಳಲ್ಲಿ, ವಿಶೇಷವಾಗಿ ನಾಗೇಶ ಹೆಗಡೆಯವರಂಥ ವಿಜ್ಞಾನ ಲೇಖಕರ ಬರಹಗಳ ಮೂಲಕ, ರಿಯಾಕ್ಟರು, ವಿಕಿರಣ, ಭಾರಜಲ ಮೊದಲಾದ ಪದಗಳು ಸಾಮಾನ್ಯ ಓದುಗನ ಬಳಕೆಗೆ ಬಂದದ್ದು ಈ ಕಾಲದಲ್ಲಿ. ಚಳವಳಿಯು ಸ್ಥಾವರವನ್ನು ತಡೆಯಲಿಲ್ಲ. 1989ರ ಸೆಪ್ಟೆಂಬರಿನಲ್ಲಿ ಕಾಂಕ್ರೀಟು ಬಿತ್ತು. ಆದರೆ ಕನ್ನಡದಲ್ಲಿ ಇಂಥ ವಿಷಯವನ್ನು ಚರ್ಚಿಸುವ ಒಂದು ಭಾಷೆಯನ್ನು ಅದು ರೂಢಿಸಿತು. ಅದರ ಬೆಲೆ ಕಡಿಮೆಯದಲ್ಲ.

ಅನಂತರದ ಸಂಗತಿಗಳು ಯಾವ ಪಕ್ಷಕ್ಕೂ ಪೂರ್ತಿ ಒಲಿದಿಲ್ಲ. 1994ರ ಮೇ 13ರಂದು ಮೊದಲ ಘಟಕದ ಒಳಗವಚದ ಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಬಿತ್ತು. ಇಂಧನ ತುಂಬುವ ಮೊದಲೇ ಆದುದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಕಾಮಗಾರಿ ವರ್ಷಗಟ್ಟಲೆ ಹಿಂದೆ ಬಿತ್ತು. ಸುಮಾರು 731 ಕೋಟಿ ರೂಪಾಯಿಗೆ ಮಂಜೂರಾದ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸುವ ಹೊತ್ತಿಗೆ ಸುಮಾರು 2,896 ಕೋಟಿಯನ್ನು ನುಂಗಿದ್ದವು. ಮೂರನೆಯ ಘಟಕ 2007ರಲ್ಲಿ, ನಾಲ್ಕನೆಯದು 2011ರ ಜನವರಿಯಲ್ಲಿ ಸೇರಿ ಒಟ್ಟು ಸಾಮರ್ಥ್ಯ 880 ಮೆಗಾವಾಟ್ ಆಯಿತು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿ ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದರ ಅಂಶ ಕಂಡುಬಂದಿತು. ಇಷ್ಟೆಲ್ಲ ಆದ ಮೇಲೆ, ಗುಮ್ಮಟ ಕಳಚಿದ ಅದೇ ಮೊದಲ ಘಟಕವು 2016ರ ಮೇ 13ರಂದು ಚಾಲನೆಗೊಂಡು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಅಪಘಾತದ ಭವಿಷ್ಯ ನುಡಿದವರು ಈ 962 ದಿನಗಳಿಗೆ ಉತ್ತರ ಹೇಳಬೇಕು. ಅಗ್ಗದ ವಿದ್ಯುತ್ತಿನ ಭರವಸೆ ಕೊಟ್ಟವರು ಆ 2,896 ಕೋಟಿಗೆ ಉತ್ತರ ಹೇಳಬೇಕು.

ಇನ್ನೊಂದು ಸಂಗತಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮಳೆಯ ಹಂಗಿಲ್ಲವೆಂದು ತಂದ ಸ್ಥಾವರವೂ ಬರವನ್ನು ಕಂಡಿತು. ಕೈಗಾದ ಘಟಕಗಳು ಅಂತಾರಾಷ್ಟ್ರೀಯ ತಪಾಸಣೆಯ ವ್ಯಾಪ್ತಿಗೆ ಹೊರಗಿರುವುದರಿಂದ ಅವುಗಳಿಗೆ ದೇಶೀಯ ಯುರೇನಿಯಂ ಮಾತ್ರ ಒದಗಬೇಕು. 2007ರ ಬಳಿಕದ ವರ್ಷಗಳಲ್ಲಿ ಅದರ ಕೊರತೆ ತೀವ್ರವಾಗಿ, ನಾಲ್ಕನೆಯ ಘಟಕವು ಸಿದ್ಧವಾಗಿಯೂ ಇಂಧನಕ್ಕಾಗಿ ಕಾಯಬೇಕಾಯಿತು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪದ ಶೋಧಕ್ಕೆ ಪ್ರಾಮುಖ್ಯ ಬಂದದ್ದೂ, ಅಲ್ಲಿಯ ರೈತರು ನೀರಿನ ಚಿಂತೆಯಿಂದ ವಿರೋಧಿಸಿದ್ದೂ ಈ ಹಿನ್ನೆಲೆಯಲ್ಲಿ ನೋಡಬೇಕಾದ ಬೆಳವಣಿಗೆಗಳು.

ಬಳಕೆಯಿಂದ ಹೊರಟ ಲೆಕ್ಕ

1980ರ ದಶಕದ ಕೊನೆಯಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳ ದೀರ್ಘಾವಧಿ ಸಮಿತಿಯೊಂದು 2000ದ ಹೊತ್ತಿಗೆ ಒಂಬತ್ತು ಸಾವಿರ ಮೆಗಾವಾಟಿಗೂ ಮಿಗಿಲಾದ ಸಾಮರ್ಥ್ಯ ಬೇಕೆಂದು ಅಂದಾಜು ಮಾಡಿತ್ತು. ಹಿಂದಿನ ವರ್ಷಗಳ ಬೆಳವಣಿಗೆಯ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆಯುವುದು ಅಂಥ ಅಂದಾಜುಗಳ ಪದ್ಧತಿ. ಆ ಗೆರೆ ಮೇಲೇರಿದಷ್ಟೂ ಕೈಗಾದಂಥ ಸ್ಥಾವರ ಅನಿವಾರ್ಯವಾಗಿ ತೋರುತ್ತದೆ. ರೆಡ್ಡಿಯವರೂ ಅವರ ಸಂಗಡಿಗರೂ 1991ರ ಏಪ್ರಿಲಿನಲ್ಲಿ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧವು ಈ ಗೆರೆಯನ್ನೇ ಪ್ರಶ್ನಿಸಿತು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ; ಬೆಳಕು, ಬಿಸಿನೀರು, ಹೊಲಕ್ಕೆ ನೀರು, ಯಂತ್ರದ ಚಲನೆ. ಇವುಗಳಲ್ಲಿ ಒಂದೊಂದನ್ನೂ ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ, ಅಥವಾ ವಿದ್ಯುತ್ತೇ ಇಲ್ಲದೆ, ಒದಗಿಸಬಹುದೆಂದು ಅವರು ಲೆಕ್ಕ ಹಾಕಿದರು. ಬುರುಡೆ ದೀಪಕ್ಕೆ ಬದಲಾಗಿ ಪುಟ್ಟ ಟ್ಯೂಬ್‌ಲೈಟು, ಸ್ನಾನದ ಗೀಸರಿಗೆ ಬದಲಾಗಿ ಸೋಲಾರ್ ಹಂಡೆ, ಪಂಪ್‌ಸೆಟ್ಟಿನ ಘರ್ಷಣೆ ತಗ್ಗಿಸುವ ಕೊಳವೆ, ಜೊತೆಗೆ ಕಿರು ಜಲವಿದ್ಯುತ್ತು ಮತ್ತು ಜೈವಿಕ ಇಂಧನ. ಎಲ್ಲ ಮನೆಗಳಿಗೂ ವಿದ್ಯುತ್ತು ಒದಗಿಸಿದರೂ, ಸಮಿತಿ ಹೇಳಿದ ಪ್ರಮಾಣದ ಸುಮಾರು ಐದನೆಯ ಎರಡು ಭಾಗ ಸಾಕೆಂಬುದು ಅವರ ನಿರ್ಣಯ. ಕೈಗಾದ ಅಗತ್ಯವೇ ಆ ಲೆಕ್ಕದಲ್ಲಿ ಬರಲಿಲ್ಲ.

ಇದು ಕೇವಲ ಕಾಗದದ ಮೇಲಿನ ಮಾತಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ‘ಅಸ್ತ್ರ’ದ ಕ್ಷೇತ್ರಕೇಂದ್ರವಿತ್ತು. ಸಮೀಪದ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಮನೆಮನೆಯ ಸಗಣಿಯನ್ನು ಸಮುದಾಯದ ಗೋಬರ್ ಅನಿಲ ಸ್ಥಾವರಕ್ಕೆ ತಂದು, ಅದರಿಂದ ಎಂಜಿನ್ ನಡೆಸಿ, ಕೊಳವೆಬಾವಿಯ ನೀರನ್ನೂ ದೀಪಗಳನ್ನೂ ಒದಗಿಸಲಾಯಿತು. ಸಗಣಿ ಕೊಟ್ಟವರಿಗೆ ಬಗ್ಗಡದ ಗೊಬ್ಬರ ಹಿಂದಿರುಗುತ್ತಿತ್ತು. ಹೊಸಹಳ್ಳಿಯಲ್ಲಿ 1988ರಿಂದ ಸೌದೆಯ ಅನಿಲದಿಂದ ವಿದ್ಯುತ್ತು ಮಾಡಲಾಯಿತು. ಸಾಮರ್ಥ್ಯ ಕೆಲವೇ ಕಿಲೋವಾಟ್. ಒಂದು ನೂರು ಮನೆಗಳ ಹಳ್ಳಿಗೆ ಅಷ್ಟು ಸಾಕಾಗಿತ್ತು ಎಂಬುದೇ ಈ ಪ್ರಯೋಗಗಳ ಮುಖ್ಯ ಸಾಕ್ಷ್ಯ. 880 ಮೆಗಾವಾಟ್ ಸ್ಥಾವರದ ಪಕ್ಕದಲ್ಲಿ ಇವನ್ನಿಟ್ಟು ನಗುವುದು ಸುಲಭ. ಆದರೆ ಸ್ಥಾವರಕ್ಕೆ ತಲುಪಲಾಗದ ಪ್ರಶ್ನೆಗೆ ಇವು ಉತ್ತರ ಕೊಟ್ಟಿದ್ದವು.

ಚರಿತ್ರಕಾರನು ಇಲ್ಲಿ ಸ್ವಲ್ಪ ತಡೆದು ನೋಡಬೇಕಾಗುತ್ತದೆ. 2000 ಬಂದಾಗ ರಾಜ್ಯದ ಸಾಮರ್ಥ್ಯವು ಸಮಿತಿಯ ಅಂದಾಜಿನ ಸಮೀಪಕ್ಕೂ ಸುಳಿದಿರಲಿಲ್ಲ. ಇದನ್ನು ರೆಡ್ಡಿಯವರ ಗೆಲುವೆಂದು ಅವರ ಅಭಿಮಾನಿಗಳು ಹೇಳುವುದುಂಟು. ಆದರೆ ಬೇಡಿಕೆ ತಗ್ಗಿದ್ದು ದಕ್ಷತೆಯಿಂದಲ್ಲ, ಬಹುಮಟ್ಟಿಗೆ ಕಡಿತದಿಂದ. ಅದಕ್ಕಿಂತ ಗಂಭೀರವಾದ ಮಾತೊಂದಿದೆ. ಆ ಪ್ರಬಂಧ ಅಚ್ಚಾದ ಮೂರು ತಿಂಗಳಿಗೆ, 1991ರ ಜುಲೈಯಲ್ಲಿ, ದೇಶದ ಆರ್ಥಿಕ ನೀತಿಯೇ ತಿರುಗಿತು. ವೈಟ್‌ಫೀಲ್ಡಿನಲ್ಲಿ ಅಂತಾರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ ತಲೆಯೆತ್ತಿ, ಮಂಡಲಿಯ ವಿದ್ಯುತ್ತನ್ನು ನೆಚ್ಚದೆ ತನ್ನದೇ ಉತ್ಪಾದನಾ ಸ್ಥಾವರವನ್ನು ಇರಿಸಿಕೊಂಡಿತು. ಹಗಲಿರುಳೆನ್ನದೆ ತಂಪಾಗಿಸಬೇಕಾದ ಗಾಜಿನ ಕಟ್ಟಡ, ಲಿಫ್ಟು ಮತ್ತು ನೀರೆತ್ತುವ ಮೋಟಾರುಗಳಿಲ್ಲದೆ ಬದುಕಲಾಗದ ಹದಿನೈದು ಮಹಡಿಯ ವಾಸ, ಇವು ರೆಡ್ಡಿಯವರ ಪಟ್ಟಿಯಲ್ಲಿ ಇರಲಿಲ್ಲ. ಅವರ ಲೆಕ್ಕದ ಕೇಂದ್ರದಲ್ಲಿದ್ದದ್ದು ಹಳ್ಳಿಯ ಮನೆ. ಗರುಡಾಚಾರ್‌ಪಾಳ್ಯವು 1991ರಲ್ಲಿ ಆ ಲೆಕ್ಕಕ್ಕೆ ಹೊಂದಬಹುದಾದ ಊರಾಗಿತ್ತು. ಹದಿನೈದು ವರ್ಷಗಳಲ್ಲಿ ಹೊಂದದ ಊರಾಯಿತು. ವಿಧಾನ ತಪ್ಪಾಗಿರಲಿಲ್ಲ, ಅದಕ್ಕೆ ಆಧಾರವಾಗಿದ್ದ ಸಮಾಜ ಬದಲಾಯಿತು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ ಅವರ ಸಲಹೆಗಳ ಒಂದು ಭಾಗ ಬೇರೊಂದು ದಾರಿಯಿಂದ ಕಾರ್ಯಗತವಾದದ್ದನ್ನೂ ಇಲ್ಲಿ ನೆನೆಯಬೇಕು. ಬೆಳಗಿನ ಗೀಸರುಗಳ ಹೊರೆ ನಗರದ ವಿದ್ಯುತ್ ಸಂಸ್ಥೆಗೆ ದೊಡ್ಡ ತಲೆನೋವಾಗಿತ್ತು. ಸೋಲಾರ್ ನೀರು ಕಾಯಿಸುವ ಸಾಧನ ಇಟ್ಟವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ ಐವತ್ತು ಪೈಸೆಯ ರಿಯಾಯಿತಿ, ಆಮೇಲೆ 2007ರ ಹೊತ್ತಿಗೆ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದ ನಿಯಮ, ಇವುಗಳಿಂದ ಬೆಂಗಳೂರಿನ ಮಾಳಿಗೆಗಳು ದೇಶದಲ್ಲೇ ಹೆಸರಾದವು. ಒಂಟಿ ಮನೆಗಳ ಬಡಾವಣೆಗಳಲ್ಲಿ ಇದು ಚೆನ್ನಾಗಿ ನಡೆಯಿತು. ಗರುಡಾಚಾರ್‌ಪಾಳ್ಯದ ಸುತ್ತಣ ಎತ್ತರದ ಸಮುಚ್ಚಯಗಳಲ್ಲಿ ಮಾಳಿಗೆ ಒಂದು, ಸಂಸಾರಗಳು ನೂರು. ಅಲ್ಲಿ ಈ ಉಪಾಯ ಅರ್ಧಕ್ಕೇ ನಿಲ್ಲುತ್ತದೆ.

ಬೆಲೆಯ ತಕ್ಕಡಿ

2005ರಲ್ಲಿ ಎಂ. ವಿ. ರಮಣ, ಆಂಟೊನೆಟ್ ಡಿಸಾ ಮತ್ತು ರೆಡ್ಡಿ ಅವರು ಅದೇ ವಾರಪತ್ರಿಕೆಯಲ್ಲಿ ಕೈಗಾದ ಮೊದಲೆರಡು ಘಟಕಗಳನ್ನು ರಾಯಚೂರಿನ ಏಳನೆಯ ಘಟಕದೊಂದಿಗೆ ಹೋಲಿಸಿದರು. ಬಂಡವಾಳದ ಮೇಲಿನ ಬಡ್ಡಿಯನ್ನು ತೀರ ಕಡಿಮೆ ಹಿಡಿದರೆ ಮಾತ್ರ ಅಣುವಿದ್ಯುತ್ತು ಅಗ್ಗ, ವಾಸ್ತವಕ್ಕೆ ಸಮೀಪದ ದರ ಹಿಡಿದರೆ ಕಲ್ಲಿದ್ದಲೇ ಅಗ್ಗ ಎಂಬುದು ಅವರ ತೀರ್ಮಾನ. ನಿಗಮದ ಕಡೆಯವರು ಇದನ್ನು ಒಪ್ಪಲಿಲ್ಲ. ಆ ಚರ್ಚೆಯಲ್ಲಿ ಅಣುಶಕ್ತಿಗೆ ಎದುರಾಳಿ ಕಲ್ಲಿದ್ದಲಾಗಿತ್ತು, ಸೂರ್ಯನಲ್ಲ ಎಂಬುದು ಗಮನಾರ್ಹ. ಸೌರವಿದ್ಯುತ್ತು ಆಗ ಲೆಕ್ಕಕ್ಕೆ ಬಾರದಷ್ಟು ದುಬಾರಿ. ಸೆಲ್ಕೊದಂಥ ಸಂಸ್ಥೆ 1995ರಿಂದ ತಂತಿ ಮುಟ್ಟದ ಮನೆಗಳಿಗೆ ಎರಡು ಮೂರು ದೀಪಗಳನ್ನು ಕೊಡುತ್ತಿತ್ತು, ಅಷ್ಟೇ.

ಮುಂದಿನ ಒಂದೂವರೆ ದಶಕದಲ್ಲಿ ಈ ಸ್ಥಿತಿ ತಲೆಕೆಳಗಾಯಿತು. 2016ರಲ್ಲಿ ಪಾವಗಡದ ಹರಾಜಿನಲ್ಲಿ ಯೂನಿಟ್ಟಿಗೆ ರೂ. 4.80ರ ಆಸುಪಾಸಿನಲ್ಲಿದ್ದ ಸೌರವಿದ್ಯುತ್ತಿನ ದರ ಎರಡೇ ವರ್ಷಗಳಲ್ಲಿ ಮೂರು ರೂಪಾಯಿಯ ಸಮೀಪಕ್ಕೆ ಇಳಿಯಿತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ 13,000 ಎಕರೆಯಲ್ಲಿ ಹರಡಿದ ‘ಶಕ್ತಿಸ್ಥಳ’ವು 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡು 2019ರ ಕೊನೆಗೆ 2,050 ಮೆಗಾವಾಟ್ ತಲುಪಿತು. ಕೈಗಾಕ್ಕೆ ಮಂಜೂರಾತಿಯಿಂದ ಮೊದಲ ವಿದ್ಯುತ್ತಿನವರೆಗೆ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿತ್ತು. ಪಾವಗಡ ನಾಲ್ಕು ವರ್ಷಗಳಲ್ಲಿ ಮುಗಿಯಿತು.

ಮೆಗಾವಾಟುಗಳನ್ನಷ್ಟೇ ಹೋಲಿಸಿದರೆ ಮೋಸಹೋಗುತ್ತೇವೆ. ಕೈಗಾದ 880 ಮೆಗಾವಾಟ್ ವರ್ಷವಿಡೀ ಶೇಕಡ 85ರ ಪ್ರಮಾಣದಲ್ಲಿ ನಡೆಯಿತೆಂದು ಹಿಡಿದರೆ ಸುಮಾರು 655 ಕೋಟಿ ಯೂನಿಟ್ಟು ಬರುತ್ತದೆ. ಪಾವಗಡದ 2,050 ಮೆಗಾವಾಟ್ ಶೇಕಡ 25ರಂತೆ ನಡೆದರೆ ಸುಮಾರು 449 ಕೋಟಿ. ಅಂದರೆ ಎರಡೂಕಾಲು ಪಟ್ಟಿಗೂ ಹೆಚ್ಚಿನ ಸಾಮರ್ಥ್ಯವಿದ್ದೂ ಮೂರನೆಯ ಎರಡು ಭಾಗದಷ್ಟು ವಿದ್ಯುತ್ತು. ಅದೂ ಹಗಲಿನಲ್ಲಿ ಮಾತ್ರ. ಇದು ಸೌರವಿದ್ಯುತ್ತಿನ ದೋಷವೆನ್ನುವುದಕ್ಕಿಂತ ಅದರ ಸ್ವಭಾವ ಎನ್ನುವುದು ಲೇಸು. ಆ ಸ್ವಭಾವಕ್ಕೆ ಹೊಂದಿಕೊಂಡವರಲ್ಲಿ ಮೊದಲಿಗರು ರೈತರು. ದಶಕಗಳ ಕಾಲ ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ವಿದ್ಯುತ್ತು ಸಿಗುತ್ತಿದ್ದುದು ನಗರ ಮಲಗಿದ ಮೇಲೆ; ಹಾವುಚೇಳುಗಳ ಭಯದಲ್ಲಿ ಟಾರ್ಚು ಹಿಡಿದು ಗದ್ದೆಗೆ ಹೋಗುವುದು ಗ್ರಾಮೀಣ ಜೀವನದ ಅಂಗವೇ ಆಗಿತ್ತು. ಬಿಸಿಲಿನ ವಿದ್ಯುತ್ತು ಹೆಚ್ಚಿದಂತೆ ಅನೇಕ ಕಡೆ ಆ ಸರಬರಾಜು ಹಗಲಿಗೆ ಬಂತು. ಯಾವ ವರದಿಯ ಬೆಲೆಪಟ್ಟಿಯಲ್ಲಿಯೂ ಈ ಲಾಭ ಕಾಣುವುದಿಲ್ಲ.

ಪಾವಗಡದ ನೆಲದ ವ್ಯವಸ್ಥೆಯೂ ಹೊಸದು. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆಯ ಕರಾರಿನೊಡನೆ ಗುತ್ತಿಗೆಗೆ ಪಡೆಯಲಾಯಿತು. ಪದೇಪದೇ ಬರಕ್ಕೆ ತುತ್ತಾಗುವ ತಾಲ್ಲೂಕಿನ ಜಮೀನುದಾರನಿಗೆ ಇದು ವರವೇ. ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಹೋಯಿತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಕೆಲಸ, ಮೇವು ಹೋಯಿತು. ಕಾಳಿ ಕಣಿವೆಯ ನಿರಾಶ್ರಿತನಿಗೂ ಪಾವಗಡದ ಭೂರಹಿತನಿಗೂ ಈ ವಿಷಯದಲ್ಲಿ ಭೇದ ಕಡಿಮೆ.

ಒಂದೇ ಹೊಳೆ

ಕಾಳಿ ಕಣಿವೆಗೆ ಮರಳಿದರೆ, ಅಣುವಿದ್ಯುತ್ತು ಮತ್ತು ನವೀಕರಿಸಬಹುದಾದ ಇಂಧನಗಳನ್ನು ಎರಡು ಎದುರಾಳಿ ಶಿಬಿರಗಳೆಂದು ಬಗೆಯುವುದು ಎಷ್ಟು ಕಷ್ಟವೆಂಬುದು ಸ್ಪಷ್ಟವಾಗುತ್ತದೆ. ಕೈಗಾದ ರಿಯಾಕ್ಟರುಗಳನ್ನು ತಂಪಾಗಿಸುವ ನೀರು ಕದ್ರಾ ಜಲಾಶಯದ್ದು. ಅದೇ ಜಲಾಶಯದಲ್ಲಿ 150 ಮೆಗಾವಾಟ್ ಜಲವಿದ್ಯುತ್ ಕೇಂದ್ರವಿದೆ. ಮೇಲ್ಭಾಗದ ಕೊಡಸಳ್ಳಿ, ನಾಗಝರಿ, ಸೂಪಾಗಳು ಅದೇ ಹೊಳೆಯ ಯೋಜನೆಗಳು. ಸೂಪಾದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಹಳೆಯ ಸೂಪಾ ಊರೇ ಮುಳುಗಿ, ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು. 2019ರ ಆಗಸ್ಟಿನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳಭಾಗದ ಹಳ್ಳಿಗಳು ಜಲಾವೃತವಾದವು. ಆ ಜನರಿಗೆ ಮನೆಯೊಳಗೆ ಬಂದ ನೀರು ನವೀಕರಿಸಬಹುದಾದ ಇಂಧನದ್ದು. ಕೈಗಾವನ್ನು ವಿರೋಧಿಸಿದವರು ಅಣೆಕಟ್ಟುಗಳನ್ನೂ ವಿರೋಧಿಸಿದ್ದು ಆಕಸ್ಮಿಕವಲ್ಲ. ಅವರಿಗೆ ಇಂಧನದ ಜಾತಿಗಿಂತ ಕಣಿವೆಯ ಅಳಿವು ದೊಡ್ಡದಾಗಿತ್ತು.

ತ್ಯಾಜ್ಯದ ವಿಚಾರದಲ್ಲಿ ಮಾತ್ರ ಅಣುಶಕ್ತಿಯನ್ನು ಬೇರೆ ಯಾವುದರ ಜೊತೆಗೂ ಇಡಲು ಬರುವುದಿಲ್ಲ. 2012ರ ನವೆಂಬರಿನಲ್ಲಿ ಕೂಡಂಕುಳಂ ಪ್ರಕರಣದ ಸಂದರ್ಭದಲ್ಲಿ, ಬಳಸಿದ ಇಂಧನದ ತ್ಯಾಜ್ಯವನ್ನು ಕೋಲಾರದ ಹಳೆಯ ಚಿನ್ನದ ಗಣಿಗಳಲ್ಲಿ ಇರಿಸುವ ಪ್ರಸ್ತಾಪ ಸುಪ್ರೀಂ ಕೋರ್ಟಿನ ಮುಂದೆ ಬಂದಿತೆಂಬ ಸುದ್ದಿಗೆ ಕೆ.ಜಿ.ಎಫ್. ಸಿಡಿದೆದ್ದಿತು, ಸರ್ಕಾರ ಅಂಥ ಉದ್ದೇಶವಿಲ್ಲವೆಂದು ಹೇಳಿತು. ನಾಡಿನ ಮೊದಲ ಜಲವಿದ್ಯುತ್ತು ತಲುಪಿದ್ದ ಊರು ಅದು. ಗರುಡಾಚಾರ್‌ಪಾಳ್ಯಕ್ಕೆ ಅದು ದೂರವೂ ಅಲ್ಲ. ಹೂಡಿಯ ಮೂಲಕ ಪೂರ್ವಕ್ಕೆ ಸಾಗುವ ರೈಲುಮಾರ್ಗ ಬಂಗಾರಪೇಟೆಯಲ್ಲಿ ಗಣಿಗಳ ಕಡೆಗೆ ಕವಲೊಡೆಯುತ್ತದೆ.

ಈಗ ವಾಗ್ವಾದವು ಹಳೆಯ ಸ್ಥಳಗಳಿಗೇ ಮರಳಿ ಬಂದಿದೆ. ರಾಜ್ಯದ ಸೌರ ಮತ್ತು ಪವನ ವಿದ್ಯುತ್ತಿನ ಸಾಮರ್ಥ್ಯ ಇಂದು ಕೈಗಾದ ಹಲವು ಪಟ್ಟು. ಮಧ್ಯಾಹ್ನ ಹೇರಳ, ಸಂಜೆ ಕೊರತೆ. ಕಚೇರಿ ಬಿಟ್ಟವರು ಮೆಟ್ರೊದಲ್ಲಿ ಗರುಡಾಚಾರ್‌ಪಾಳ್ಯದ ನಿಲ್ದಾಣದಲ್ಲಿ ಇಳಿದು, ಲಿಫ್ಟು ಏರಿ, ದೀಪ ಹಚ್ಚುವ ಹೊತ್ತಿಗೆ ಪಾವಗಡದಲ್ಲಿ ಸೂರ್ಯ ಮುಳುಗಿರುತ್ತಾನೆ. 2023ರಲ್ಲಿ ಮಳೆ ಕುಂದಿದಾಗ ರಾಜ್ಯ ಸರ್ಕಾರವು ಅಕ್ಟೋಬರಿನಲ್ಲಿ ವಿದ್ಯುಚ್ಛಕ್ತಿ ಕಾಯಿದೆಯ 11ನೆಯ ವಿಧಿಯನ್ನು ಬಳಸಿ, ಇಲ್ಲಿಯ ಖಾಸಗಿ ಉತ್ಪಾದಕರು ವಿದ್ಯುತ್ತನ್ನು ಹೊರಗೆ ಮಾರದಂತೆ ತಡೆಯಬೇಕಾಯಿತು. ಈ ಕೊರತೆಗೆ ಎರಡು ಪರಿಹಾರಗಳು ಮುಂದಿವೆ. ಒಂದು, ಕೈಗಾದಲ್ಲಿ 700 ಮೆಗಾವಾಟಿನ ಐದು ಮತ್ತು ಆರನೆಯ ಘಟಕಗಳು. ಇವುಗಳ ಸಾರ್ವಜನಿಕ ಅಹವಾಲು 2018ರ ಡಿಸೆಂಬರ್ 15ರಂದು, ಮೊದಲ ಘಟಕದ ದಾಖಲೆಯ ಓಟ ಇನ್ನೂ ಮುಗಿಯದಿದ್ದಾಗ ನಡೆಯಿತು. ಇನ್ನೊಂದು, ಶರಾವತಿಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ: ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ನೀರನ್ನು ಮೇಲೆತ್ತಿ ಸಂಜೆ ಇಳಿಸುವುದು. ಸಿಂಗಳೀಕಗಳ ಅಭಯಾರಣ್ಯದ ನೆಲದಡಿಯಲ್ಲಿ ಅದರ ಸುರಂಗಗಳು ಹೋಗಬೇಕು. ಬಯಲುಸೀಮೆಯ ಬಿಸಿಲನ್ನು ರಾತ್ರಿಗೆ ಉಳಿಸಿಕೊಳ್ಳಲು ಮತ್ತೆ ಪಶ್ಚಿಮ ಘಟ್ಟದ ಕಾಡೇ ಬೇಕಾಯಿತು. 1980ರ ದಶಕದಲ್ಲಿ ಕೈಗಾದ ಎದುರು ನಿಲ್ಲಿಸಿದ ಪರ್ಯಾಯವು ಕೈಗಾದ ನೆರೆಹೊರೆಗೇ ಬಂದು ನಿಂತಿದೆ.

ಎರಡು ಅಹವಾಲುಗಳು

ಈ ಎರಡು ಯೋಜನೆಗಳನ್ನು ಎದುರುಬದುರಾಗಿ ಇಟ್ಟು ತೂಗುವ ಸಭೆ ಎಲ್ಲಿ ನಡೆಯುತ್ತದೆ ಎಂದು ಹುಡುಕಿದರೆ ವಿಚಿತ್ರವಾದ ಸಂಗತಿ ಕಾಣುತ್ತದೆ. ಪರಿಸರ ಪರಿಣಾಮಕ್ಕೆ ಸಂಬಂಧಿಸಿದ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ನಡೆಯಬೇಕು. ಅಲ್ಲಿ ಕಾಡು, ಮನೆ, ಮೀನು, ವಿಕಿರಣಗಳ ಮಾತು ಬರುತ್ತದೆ. ಈ ವಿದ್ಯುತ್ತು ಬೇಕೇ ಎಂಬ ಮಾತು ಬಂದರೆ ಅದು ವಿಷಯಾಂತರವಾಗುತ್ತದೆ. 1999ರ ಕಾಯಿದೆಯಂತೆ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ನಿಗದಿಗೆ ಮುನ್ನ ಬೆಂಗಳೂರಿನಲ್ಲಿ ಅಹವಾಲು ಆಲಿಸುತ್ತದೆ. ಅಲ್ಲಿ ಕೈಗಾರಿಕೆಗಳ, ಗೃಹಬಳಕೆದಾರರ ಪ್ರತಿನಿಧಿಗಳು ಪೈಸೆಪೈಸೆಗೂ ವಾದಿಸುತ್ತಾರೆ. ಆ ಪೈಸೆಯ ಹಿಂದಿನ ಕಣಿವೆಯ ಮಾತು ಬಂದರೆ ಅದೂ ವಿಷಯಾಂತರವೇ. ಒಂದು ತಟ್ಟೆ ಕಾರವಾರ ತಾಲ್ಲೂಕಿನಲ್ಲಿ, ಇನ್ನೊಂದು ತಟ್ಟೆ ಬೆಂಗಳೂರಿನಲ್ಲಿ. 1991ರ ಪ್ರಬಂಧದಲ್ಲಿ ಅವೆರಡನ್ನೂ ಒಂದೇ ಹಾಳೆಯ ಮೇಲೆ ತರಲು ನಡೆದ ಯತ್ನಕ್ಕೆ ಸರ್ಕಾರದ ಮಟ್ಟದಲ್ಲಿ ಮುಂದುವರಿಕೆ ದೊರೆಯಲಿಲ್ಲ. ರೆಡ್ಡಿಯವರು 2006ರಲ್ಲಿ, ಶ್ರೀನಿವಾಸನ್ ಅವರು 2025ರ ಮೇ ತಿಂಗಳಿನಲ್ಲಿ ನಿಧನರಾದರು. 2025ರ ಕೇಂದ್ರ ಆಯವ್ಯಯದಲ್ಲಿ 2047ರ ಹೊತ್ತಿಗೆ ಒಂದು ಲಕ್ಷ ಮೆಗಾವಾಟ್ ಅಣುವಿದ್ಯುತ್ತಿನ ಗುರಿಯನ್ನು ಸಾರಲಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶರಾವತಿ ಯೋಜನೆಯ ಅಹವಾಲು ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ನಡೆಯಿತು. ಆ ವಿದ್ಯುತ್ತನ್ನು ಸಂಜೆಯ ಹೊತ್ತು ಬಳಸಲಿರುವ ಊರುಗಳಲ್ಲಿ ಅಹವಾಲು ನಡೆಸಬೇಕೆಂಬ ನಿಯಮ ಅಧಿಸೂಚನೆಯಲ್ಲಿ ಇಲ್ಲ.